ಕೆಂಪು ಎಡಕ್ಕೆ, ಹಸಿರು ಬಲಕ್ಕೆ

ಮೊದಲು ಮನೆತನದ ವಿಷಯ ಹೇಳಬೇಕು. ಆಮೆಗಳು ಮನುಷ್ಯರೊಂದಿಗೆ ಮಾತಾಡುತ್ತಿದ್ದ ಬಹಳ ಹಿಂದಿನ ಕಾಲದಲ್ಲಿ, ಮುತ್ತಳಿವೆ ಎಂಬ ಕಡಲ ರಾಜ್ಯದಲ್ಲಿ, ದೀಪದ ಮನೆಯವರು ಬಂದರೆಂದರೆ ಜನ ಎದ್ದು ನಿಲ್ಲುತ್ತಿದ್ದರು. ಅರಮನೆ ಕಟ್ಟುವ ಮೊದಲೇ ಅವರ ಮನೆ ಇತ್ತು. ರಾಜ್ಯದ ದೋಣಿಗಳಿಗೆಲ್ಲ ದೀಪ ಕಟ್ಟಿಕೊಡುತ್ತಿದ್ದವರು ಅವರೇ. ಎಡಕ್ಕೆ ಕೆಂಪು ಗಾಜು, ಬಲಕ್ಕೆ ಹಸಿರು, ಹಿಂದೆ ಬರಿ ಬಿಳಿ. ದೀಪದ ಗಾಜು ಒರೆಸದೆ ಊಟಕ್ಕೆ ಕೂತವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಆ ಮನೆಯ ಕೇತಣ್ಣ ರಾಜಕುಮಾರಿಯನ್ನು ದೋಣಿಯಲ್ಲಿ ಕರೆದುಕೊಂಡು ಹೋದವನು ಮರಳಲಿಲ್ಲ. ಕಾವಳಿಗನೆಂಬ ಮಾಂತ್ರಿಕ ನಡುಗಡಲಿನಲ್ಲಿ ಹಗಲನ್ನೇ ನುಂಗುವ ಮಂಜು ಹರಡಿದ್ದ. ಅದರೊಳಗೆ ಹೋದ ದೋಣಿ ಹೊರಗೆ ಬರುತ್ತಿರಲಿಲ್ಲ.

ತುಂಬಿದ ಸಭೆಯಲ್ಲಿ ಮಂತ್ರಿ ಬಾಚರಸ ಎದ್ದು, "ಕೇತಣ್ಣನಿಗೆ ಎಡ ಯಾವುದು, ಬಲ ಯಾವುದು ಎಂದೇ ಗೊತ್ತಿರಲಿಲ್ಲ. ಮನೆತನದ ಹೆಸರು ಮಾತ್ರ ದೊಡ್ಡದು" ಎಂದ.

ಕೇತಣ್ಣನ ತಂಗಿ ಸೋವಲೆ ಮುಂದೆ ಬಂದಳು.

"ಮಂತ್ರಿಗಳೇ, ಬಣ್ಣದ ಗಾಜು ಆಟದ ಮೇಳದವರಿಗೆ ಸರಿ, ರಾಜಕುಮಾರಿಗೆ ಎರಡೂ ಕಡೆ ಚಿನ್ನದ ದೀಪವೇ ಇರಲಿ ಎಂದವರು ತಾವು. ನಮ್ಮಣ್ಣ ಬೇಡ ಬೇಡವೆಂದು ಕೈಮುಗಿದ. ತಾವು ಕೇಳಲಿಲ್ಲ."

"ಬೆಳಕು ಬಂದರಾಯಿತಲ್ಲ? ಬಣ್ಣದಲ್ಲೇನಿದೆ?"

"ನಿಯಮವಿದೆ. ನನ್ನ ದೋಣಿ ಹತ್ತಿ, ತೋರಿಸುತ್ತೇನೆ."

ಅರಸ ಇಬ್ಬರನ್ನೂ ನೋಡಿದ. "ಸೋವಲೆ, ನಿನ್ನಣ್ಣನನ್ನೂ ನನ್ನ ಮಗಳನ್ನೂ ಕರೆತಂದರೆ ನಿಮ್ಮ ಹೆಸರು ಉಳಿಯಿತು. ಇಲ್ಲದಿದ್ದರೆ ನಿಮ್ಮ ಮನೆ ಇನ್ನು ದೀಪ ಕಟ್ಟುವಂತಿಲ್ಲ. ಬಾಚರಸ, ನೀನೂ ಹೊರಡು."

ಸೋವಲೆ ತನ್ನ ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಕಟ್ಟಿದಳು. ಹುಟ್ಟು ಹಾಕುವವರು ಮುಂದೆ ಕೂತರು. ಅವಳು ಚುಕ್ಕಾಣಿ ಹಿಡಿದಳು. ಮಂತ್ರಿ ರೇಷ್ಮೆ ಶಾಲು ಹೊದ್ದು ನಡುವೆ ಕೂತ.

ಮಂಜಿನೊಳಗೆ ಕಾಲಿಟ್ಟದ್ದೇ ತಡ, ನಡುಮಧ್ಯಾಹ್ನವೇ ಕತ್ತಲಾಯಿತು. ಸೋವಲೆ ಕೊಂಬನ್ನು ಒಮ್ಮೆ ಉದ್ದಕ್ಕೆ ಊದಿ ಕಿವಿಗೊಟ್ಟಳು. ದೂರದಿಂದ ಒಂದು ಹೆಣ್ಣುದನಿ ಬಂತು. "ಇಲ್ಲಿದ್ದೇನೆ, ಬನ್ನಿ!"

"ರಾಜಕುಮಾರಿ!" ಎಂದು ಮಂತ್ರಿ ಎದ್ದು ನಿಂತ. "ತಿರುಗಿಸು ದೋಣಿ! ಕೂಗುತ್ತಿದ್ದಾಳೆ, ಅದರಲ್ಲೇನಿದೆ ಯೋಚಿಸುವಂಥದ್ದು?"

"ನಿಯಮವಿದೆ. ಮಂಜಿನಲ್ಲಿ ನಡೆಯುವ ದೋಣಿ ಕೊಂಬು ಊದಬೇಕು. ನಮ್ಮಣ್ಣನ ದೋಣಿಯಾಗಿದ್ದರೆ ಕೊಂಬು ಕೇಳುತ್ತಿತ್ತು. ಕೂತುಕೊಳ್ಳಿ, ದೋಣಿ ಅಲುಗುತ್ತದೆ."

ಅವಳು ತಿರುಗಿಸಲಿಲ್ಲ. ದೋಣಿ ಮುಂದೆ ಸಾಗಿದಾಗ ಪಕ್ಕದ ಬಂಡೆಯ ಮೇಲೆ ಮನೆಯಷ್ಟು ಎತ್ತರದ ಕೊಕ್ಕರೆಯೊಂದು ಹೆಣ್ಣುದನಿಯಲ್ಲಿ ಕೂಗುತ್ತ ನಿಂತಿತ್ತು. ಅದರ ಕಾಲಬುಡದಲ್ಲಿ ಮುರಿದ ಹಲಗೆಗಳು ರಾಶಿ ಬಿದ್ದಿದ್ದವು. ಮಂತ್ರಿ ಶಾಲನ್ನು ತಲೆಯವರೆಗೂ ಎಳೆದುಕೊಂಡ.

ಸ್ವಲ್ಪ ದೂರದಲ್ಲಿ ಮುಂದೆ ಒಂದೇ ಒಂದು ಬಿಳಿ ಬೆಳಕು ಕಂಡಿತು.

"ಯಾವುದೋ ದೋಣಿಯ ಹಿಂದಿನ ದೀಪ. ನಾವು ಅದನ್ನು ದಾಟಬೇಕು" ಎಂದಳು ಸೋವಲೆ.

"ಪಕ್ಕದಲ್ಲೇ ನುಗ್ಗಿಸು. ಅದೇ ಸರಿದುಕೊಳ್ಳಲಿ. ಅದರಲ್ಲೇನಿದೆ?"

"ನಿಯಮವಿದೆ. ಹಿಂದಿನಿಂದ ದಾಟುವವರೇ ಸರಿಯಬೇಕು. ಮುಂದಿರುವವರು ಅರಮನೆಯವರಾಗಲಿ, ಅಂಬಿಗರಾಗಲಿ."

ಅವಳು ದೂರದಿಂದ ಬಳಸಿಕೊಂಡು ಹೋದಳು. ಅದು ದೋಣಿಯಲ್ಲ, ಬಾಲದ ತುದಿಯಲ್ಲಿ ರತ್ನವಿದ್ದ ದ್ವೀಪದಂಥ ಆಮೆ. ಆಮೆ ಒಂದು ಕಣ್ಣು ತೆರೆಯಿತು.

"ಮರ್ಯಾದೆ ಗೊತ್ತಿರುವವಳು ನೀನು, ಮಗಳೇ. ಉಳಿದವರು ನನ್ನ ಬೆನ್ನು ಕೆರೆದುಕೊಂಡೇ ಹೋದರು, ನಾನು ಅವರನ್ನು ಮಗುಚಿ ಹಾಕಿದೆ. ಚಿನ್ನದ ದೀಪದ ದೋಣಿಯವನೊಬ್ಬ ನಿನ್ನ ಹಾಗೇ ದೂರ ಸರಿದು ಹೋದ. ಆಮೇಲೆ ಎದುರಿಗೆ ದೋಣಿ ಬಂತೆಂದು ಬಲಕ್ಕೆ ತಿರುಗಿದ. ಅಷ್ಟೇ, ಮತ್ತೆ ಅವನ ಸದ್ದಿಲ್ಲ."

"ಬಲಕ್ಕೆ ತಿರುಗಿದನೇ? ಸರಿಯಾಗಿ ಹೇಳಿ" ಎಂದಳು ಸೋವಲೆ.

"ಬಲಕ್ಕೇ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ."

ಸೋವಲೆ ಮಂತ್ರಿಯತ್ತ ನೋಡಿದಳು. ಮಂತ್ರಿ ನೀರು ನೋಡಿದ.

ಆಗ ನೇರ ಎದುರಿನಿಂದ ಒಂದು ದೋಣಿ ಬಂತು. ಅದರಲ್ಲೂ ಕೆಂಪು ದೀಪ, ಹಸಿರು ದೀಪ. ಅದೂ ಅಷ್ಟೇ ವೇಗವಾಗಿ ಬರುತ್ತಿತ್ತು.

"ಬಲಕ್ಕೆ ತಿರುಗಿಸು!" ಮಂತ್ರಿ ಕಿರುಚಿದ. "ಎದುರುಬದುರಾದಾಗ ಇಬ್ಬರೂ ಬಲಕ್ಕೆ ಸರಿಯಬೇಕು. ನಿನ್ನ ನಿಯಮವೇ ಅಲ್ಲವೇ ಅದು?"

ಸೋವಲೆ ತಿರುಗಿಸುತ್ತೇನೆಂದು ಒಮ್ಮೆ ಚಿಕ್ಕದಾಗಿ ಊದಿದಳು. ಉತ್ತರ ಬರಲಿಲ್ಲ. ನಿನ್ನ ಉದ್ದೇಶ ತಿಳಿಯುತ್ತಿಲ್ಲವೆಂದು ಐದು ಸಲ ಬೇಗ ಬೇಗ ಊದಿದಳು. ಆಗಲೂ ಬರಲಿಲ್ಲ. ಅವಳು ಎದುರಿನ ದೀಪಗಳನ್ನು ದಿಟ್ಟಿಸಿದಳು.

"ಮಂತ್ರಿಗಳೇ, ತಾವು ನನ್ನೆದುರು ಕೂತಿದ್ದೀರಿ. ತಮ್ಮ ಎಡಗೈ ನನಗೆ ಯಾವ ಕಡೆ ಕಾಣುತ್ತದೆ?"

"ಈಗ ಇದೇನು ಆಟ! ನಿನ್ನ ಬಲಗಡೆ!"

"ಹೌದಲ್ಲ? ಎದುರಿನಿಂದ ಬರುವ ದೋಣಿಯ ಎಡಗಡೆಯ ಕೆಂಪು ನಮ್ಮ ಬಲಗಡೆ ಕಾಣಬೇಕು. ಈ ದೋಣಿಯ ಕೆಂಪು ನಮ್ಮ ಎಡಗಡೆಯೇ ಇದೆ. ಇದು ದೋಣಿಯಲ್ಲ, ಕನ್ನಡಿ. ಕಾಣುತ್ತಿರುವುದು ನಾವೇ. ಬಲಕ್ಕೆ ತಿರುಗಿದರೆ ಅಲ್ಲಿ ಕಾವಳಿಗ ಕಾದಿರುತ್ತಾನೆ. ಎರಡೂ ಕಡೆ ಚಿನ್ನದ ದೀಪವಿದ್ದರೆ ನಮ್ಮಣ್ಣನಿಗೆ ಇದು ಹೇಗೆ ಗೊತ್ತಾಗಬೇಕಿತ್ತು?"

ಮಂತ್ರಿ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡ.

"ಜೋರಾಗಿ ಹುಟ್ಟು ಹಾಕಿ. ನೇರ ನಡೆಯಲಿ!" ಎಂದಳು ಸೋವಲೆ.

ದೋಣಿ ಕನ್ನಡಿಗೆ ಬಡಿಯಿತು. ಕಡಲಗಲದ ಕನ್ನಡಿ ಚೂರುಚೂರಾಯಿತು. ಕಾವಳಿಗನ ಪ್ರಾಣ ಅದರಲ್ಲೇ ಇತ್ತು. ಅವನು ಒಮ್ಮೆ ಅರಚಿ ಹನಿಹನಿಯಾಗಿ ನೀರಿಗೆ ಬಿದ್ದ. ಮಂಜು ಹರಿಯಿತು, ಬಿಸಿಲು ಬಂತು. ಕನ್ನಡಿಯೊಳಗೆ ಸೆರೆಯಾಗಿದ್ದ ದೋಣಿಗಳೆಲ್ಲ ಒಂದೊಂದಾಗಿ ಹೊರಗೆ ತೇಲಿಬಂದವು. ಮೊದಲನೆಯದರಲ್ಲಿ ರಾಜಕುಮಾರಿಯೂ ಕೇತಣ್ಣನೂ ಇದ್ದರು.

"ಏನೇ, ಇಷ್ಟು ತಡ?" ಎಂದ ಕೇತಣ್ಣ. ಅವನ ಗಡ್ಡ ಎದೆಯವರೆಗೆ ಬೆಳೆದಿತ್ತು.

"ಗಾಜು ಒರೆಸಿ ಹೊರಡಬೇಡವೇ, ಅಣ್ಣ?" ಎಂದಳು ಸೋವಲೆ. ತನ್ನ ದೋಣಿಯನ್ನು ಅವನ ದೋಣಿಗೆ ತಾಗಿಸಿದಳು.

ಕನ್ನಡಿಯಲ್ಲಿ ಸೆರೆಯಾಗಿದ್ದವರು ಮುತ್ತಳಿವೆಯ ತಮ್ಮ ತಮ್ಮ ಮನೆಗೆ ಮರಳಿದರು. ಅರಮನೆಯ ದೋಣಿಗೂ ಬಣ್ಣದ ಗಾಜು ಬಂತು. ಕೊಕ್ಕರೆ ಮನುಷ್ಯರ ದನಿ ಮರೆತು ಮೀನು ಹಿಡಿಯತೊಡಗಿತು. ಆಮೆಯನ್ನು ಎಲ್ಲರೂ ದೂರದಿಂದಲೇ ದಾಟಿದರು. ಹೀಗೆ ಎಲ್ಲರೂ ನೆಮ್ಮದಿಯಿಂದ ಬಾಳಿದರು. ಆದರೆ ಆ ನೆಮ್ಮದಿಗೆ ಮೊದಲು ಒಂದು ಕೆಲಸ ಉಳಿದಿತ್ತು.

ತುಂಬಿದ ಸಭೆಯಲ್ಲಿ ಬಾಚರಸ ಒಂದು ಹರಿವಾಣ ತುಂಬ ಮುತ್ತು ತಂದು ಸೋವಲೆಯ ಮುಂದಿಟ್ಟ. "ಆದದ್ದು ಆಯಿತು, ತಾಯಿ. ದೊಡ್ಡ ಮನೆಯವರು, ದೊಡ್ಡ ಮನಸ್ಸು ಮಾಡಿ" ಎಂದ.

ಸೋವಲೆ ಹರಿವಾಣವನ್ನು ಪಕ್ಕಕ್ಕೆ ಸರಿಸಿದಳು.

"ಮುತ್ತು ನಮ್ಮ ಮನೆಯಲ್ಲೂ ಇದೆ. ತಾವು ಆ ಮಾತು ಆಡಿದ್ದು ಇದೇ ಸಭೆಯಲ್ಲಿ. ಈಗ ಇಲ್ಲೇ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ನಮ್ಮಣ್ಣನ ಕ್ಷಮೆ ಕೇಳಿ."