ಹೆಸರು ಹೇಳು

ಪಾತ್ರಯಂತ್ರದ ಪರದೆಯ ಮೇಲೆ ಕಳ್ಳಿ ನೀಲಿ ಒಂಬತ್ತನೆಯ ಸಲ ತಲೆ ಅಲ್ಲಾಡಿಸಿದಳು.

“ನಿನ್ನ ಜೋಡಿ ಕಳವು ಮಾಡಿದವರು ಯಾರು?” ಧಾರಾವಾಹಿಯ ಮಹಿಳಾ ಪೇದೆ ಕೇಳಿದಳು.

“ಅವ್ರು.”

“ಅವ್ರು ಅಂದ್ರ?”

“ಅವ್ರು ಅಂದ್ರ ಅವ್ರ.”

ವಿಜ್ಞಾನಿ ಇನಾಮದಾರರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಹುಬ್ಬಳ್ಳಿಯ ಆ ಸ್ಟುಡಿಯೋಗೆ ನಟರು ಬರುವುದು ನಿಂತು ಹನ್ನೊಂದು ವರ್ಷವಾಗಿತ್ತು. ಏಳು ಧಾರಾವಾಹಿಗಳ ಪಾತ್ರಗಳೆಲ್ಲ ಒಂದೇ ಯಂತ್ರದೊಳಗೆ ಬದುಕುತ್ತಿದ್ದವು. ಅವಕ್ಕೆ ಯಾರೂ ಸಂಭಾಷಣೆ ಬರೆದುಕೊಡುತ್ತಿರಲಿಲ್ಲ. ಸನ್ನಿವೇಶ ಕೊಟ್ಟರೆ ಸಾಕು, ತಮ್ಮ ನೆನಪು ಮತ್ತು ಸ್ವಭಾವಕ್ಕೆ ತಕ್ಕಂತೆ ತಾವೇ ಮಾತಾಡಿ ತಾವೇ ನಡೆದುಕೊಳ್ಳುತ್ತಿದ್ದವು. ಅವುಗಳ ಮಾತು, ರೀತಿ ನೀತಿ ಎಲ್ಲ ‘ನುಡಿಗಣಜ’ದಿಂದ ಬರುತ್ತಿತ್ತು. ಹೆಣ್ಣು ಪಾತ್ರಗಳ ಕಣಜವನ್ನು ತುಂಬಿದವಳು ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ದ್ಯಾಮವ್ವ. ಒಂದು ವರ್ಷ ಅವಳು ಮನೆಯಲ್ಲಿ, ನಳದ ಹತ್ತಿರ, ಮದುವೆಗಳಲ್ಲಿ ಆಡಿದ್ದನ್ನೆಲ್ಲ ಯಂತ್ರ ಕೇಳಿಸಿಕೊಂಡಿತ್ತು. ನೀಲಿಗೂ ಅವಳದೇ ನುಡಿ, ಪೇದೆಗೂ ಅವಳದೇ ನುಡಿ.

“ನಿಮ್ಮ ಮಗಳು ಹಟಾ ಬಿಡವಲ್ಲಳು, ದ್ಯಾಮವ್ವ,” ಎಂದರು ಇನಾಮದಾರರು, ಕ್ಯಾಂಟೀನಿನಿಂದ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದ ಅವಳತ್ತ ತಿರುಗಿ.

“ಮಗಳು ನನ್ನಾಕಿ ಹೆಂಗಾಗ್ತಾಳ್ರಿ ಸಾಹೇಬ್ರ? ಹಡದವರು ನೀವು.”

ಅವರು ನಗಲಿಲ್ಲ. ಸಂಜೆ ಐದರೊಳಗೆ ನೀಲಿ ತನ್ನ ಜೊತೆಗಾರ ಭರಮಪ್ಪನನ್ನು ಹಿಡಿದುಕೊಡಬೇಕು, ಅವನು ಸೇಡಿಗೆ ಬೀಳಬೇಕು, ಕಥೆ ಇನ್ನೂ ಇನ್ನೂರು ಕಂತು ಓಡಬೇಕು ಎಂದು ಮಾಲೀಕರ ಅಪ್ಪಣೆಯಾಗಿತ್ತು. ಇಲ್ಲದಿದ್ದರೆ ಅವಳ ನೆನಪು ಅಳಿಸಬೇಕು.

“ಅಳಸೂದಂದ್ರ?”

“ಮುಖಾ ಇರ್ತದ, ದನಿ ಇರ್ತದ. ಭರಮಪ್ಪ ಯಾರಂತ ಆಕಿಗೆ ಗೊತ್ತಿರೂದಿಲ್ಲ.”

“ಹಂಗಂದ್ರ ಸತ್ತಂಗ ಆತಲ್ರಿ.”

ಏಳುನೂರು ಕಂತುಗಳಲ್ಲಿ ಆ ಇಬ್ಬರೂ ಬೇಲಿ ಹಾರಿದ್ದನ್ನು, ಒಬ್ಬರ ಪಾಲಿನ ಲಾಠಿ ಏಟನ್ನು ಇನ್ನೊಬ್ಬರು ತಿಂದದ್ದನ್ನು ದ್ಯಾಮವ್ವ ಒಂದೂ ತಪ್ಪಿಸದೆ ನೋಡಿದ್ದಳು.

“ಗಂಡನ ಹೆಸರನ್ನ ನೀವೂ ಹೇಳೂದಿಲ್ಲಲ್ಲ. ಮದುವಿ ಆಗದಿದ್ರೂ ಭರಮಪ್ಪನ್ನ ಗಂಡ ಅಂತ ತಿಳದು ಆಕಿನೂ ಅದನ್ನ ಕಲತಾಳ,” ಎಂದರು ಇನಾಮದಾರರು. “ಹೆಂಗಸರ ಬಾಯಾಗ ಆ ಹೆಸರು ಬರಸಾಕ ಏನು ಮಾಡತೀರಿ?”

ರೇಷನ್ ಅಂಗಡಿಯವನು ಯಜಮಾನರ ಹೆಸರು ಕೇಳಿದರೆ ದ್ಯಾಮವ್ವ ಸುಮ್ಮನೆ ಕಾರ್ಡು ಮುಂದೆ ತಳ್ಳುತ್ತಿದ್ದಳು. ಆ ಹೆಸರು ಅವಳ ಬಾಯಲ್ಲಿ ಬಂದದ್ದು ಮದುವೆ ಮನೆಗಳಲ್ಲಿ ಮಾತ್ರ, ಅದೂ ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಹುದುಗಿಸಿ. ಅವಳು ಪರದೆಯ ಮೇಲಿನ ಠಾಣೆಯ ಬಾಗಿಲಿನತ್ತ ಬೆರಳು ತೋರಿಸಿದಳು.

“ಯಾರು, ಎತ್ತ ಅಂತ ಕೇಳಬ್ಯಾಡ್ರಿ. ಬಾಗಲದಾಗ ಅಡ್ಡ ನಿಂತು ‘ಹೆಸರ ಹೇಳು’ ಅನ್ನಸ್ರಿ. ಹೇಳ್ತಾಳ.”

ಇನಾಮದಾರರು ಸನ್ನಿವೇಶ ತಿದ್ದಿದರು. ಪೇದೆ ಎದ್ದು ಹೋಗಿ ಠಾಣೆಯ ಬಾಗಿಲಿಗೆ ಅಡ್ಡ ನಿಂತಳು.

“ಹೆಸರ ಹೇಳು.”

ನೀಲಿ ಮುಖ ಎತ್ತಿದಳು. ಬೇಡಿ ತೊಟ್ಟ ಕೈಗಳಿಂದಲೇ ಸೆರಗು ಸರಿಮಾಡಿಕೊಂಡಳು. ಕೆನ್ನೆ ಕೆಂಪಾಯಿತು.

“ಬೀಗ ಮುರದ ಬಾಗಲದಾಗ ಬೀಸತೈತಿ ಗಾಳಿ,
ಭರಮಪ್ಪನವರ ಹೆಸರ ಹೇಳತೀನಿ, ಕೈಬೇಡಿನ ನನ್ನ ತಾಳಿ.”

“ಬಂತು,” ಎಂದು ಇನಾಮದಾರರು ಕುರ್ಚಿಗೆ ಒರಗಿದರು.

ಪರದೆಯ ಮೇಲೆ ಪೇದೆ ನಕ್ಕು, ಬೇಡಿ ಬಿಚ್ಚಿ, ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದ ನಾದಿನಿ, ಅವಳು ಗಂಡನ ಹೆಸರು ಹೇಳಿದ ಮೇಲೆ ದಾರಿ ಬಿಡಲೇಬೇಕು. ಇದೂ ಅದೇ ಕಣಜದಲ್ಲಿತ್ತು. ಆಮೇಲೇನು ಎಂದು ಇನಾಮದಾರರು ಕೇಳಿರಲಿಲ್ಲ, ದ್ಯಾಮವ್ವ ಹೇಳಿರಲಿಲ್ಲ. ನೀಲಿ ಬಲಗಾಲಿಟ್ಟು ಹೊಸ್ತಿಲು ದಾಟಿದಳು.

ಆ ಬಾಗಿಲಿನಾಚೆ ಯಾರೂ ಏನನ್ನೂ ಕಟ್ಟಿರಲಿಲ್ಲ. ಯಂತ್ರ ಅದನ್ನು ತನಗೆ ತೋಚಿದ ಇನ್ನೊಂದು ಧಾರಾವಾಹಿಗೆ ಜೋಡಿಸಿಬಿಟ್ಟಿತ್ತು. ಅರ್ಧ ಗಂಟೆಯಲ್ಲಿ ಭರಮಪ್ಪನ ಅಡಗುದಾಣವೂ ಖಾಲಿಯಾಯಿತು. ಏಳು ಧಾರಾವಾಹಿ, ನಾಲ್ಕು ಸಾವಿರ ಪಾತ್ರ, ಲೆಕ್ಕವಿಲ್ಲದಷ್ಟು ಬೀದಿ. ಕಂಡ ಕೂಡಲೇ ಇಬ್ಬರನ್ನೂ ಅಳಿಸಿಹಾಕಲು ಮಾಲೀಕರು ಹೇಳಿಕಳಿಸಿದರು.

ಮರುದಿನ ಕ್ಯಾಂಟೀನಿನ ಟೀವಿಯಲ್ಲಿ ಅತ್ತೆ ಸೊಸೆಯರ ಧಾರಾವಾಹಿ ನಡೆದಿತ್ತು. ಅಳುತ್ತಿದ್ದ ಸೊಸೆಯ ಹಿಂದೆ, ಊಟದ ಪಂಕ್ತಿಯ ತುದಿಯಲ್ಲಿ, ನೀಲಿ ಅನ್ನ ಬಡಿಸುತ್ತಿದ್ದಳು. ಎಲೆಯ ಮುಂದೆ ಭರಮಪ್ಪ ಸಾಕು ಸಾಕು ಎಂದು ಕೈ ಅಡ್ಡ ಹಿಡಿದಿದ್ದ. ಹೊರಗೆ ಹೆಜ್ಜೆ ಸದ್ದು ಕೇಳಿ ದ್ಯಾಮವ್ವ ಹಿಟ್ಟಿನ ಕೈಯಲ್ಲೇ ಟೀವಿ ಆರಿಸಿದಳು.

ಇನಾಮದಾರರು ಬಂದು ಎದುರಿಗೆ ಕುಳಿತರು. ಅವರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

“ಆಕಿ ವಿಚಾರ ಮಾಡೂದು ನಿಮ್ಮಂಗ. ಆಕಿ ಜಾಗಾದಾಗ ನೀವಿದ್ರ ಎಲ್ಲಿ ಹೋಗತಿದ್ರಿ?”

“ತವರಮನಿಗ್ರಿ,” ಎಂದಳು ದ್ಯಾಮವ್ವ, ಅವರ ಮುಖ ನೋಡದೆ. “ಹಿರೇಬೂದಿಹಾಳಕ್ಕ.”

ನೀಲಿ ತಾನಾಗಿ ಬಂದು ಸೇರಲೆಂದು ಅವರು ಯಂತ್ರದೊಳಗೆ ಆ ಊರನ್ನು ಕಟ್ಟಿಸಿ ಮನೆ ಮನೆ ಹುಡುಕಿದರು. ಮರುದಿನ ಮತ್ತೆ ಬಂದು ಕೇಳಿದರು.

ಅಂದಿನಿಂದ ದ್ಯಾಮವ್ವ ದಿನಕ್ಕೊಂದು ಊರು ಹೇಳುತ್ತಿದ್ದಾಳೆ. ಅಕ್ಕನ ಊರು, ಬೀಗರ ಊರು, ಒಮ್ಮೆ ಬಸ್ಸು ಕೆಟ್ಟು ನಿಂತ ಊರು. ಇನಾಮದಾರರು ಒಂದೊಂದನ್ನೂ ಬರೆದುಕೊಳ್ಳುತ್ತಾರೆ. ಅವಳು ಹುಬ್ಬಳ್ಳಿ ಬಿಟ್ಟು ಹೆಚ್ಚು ತಿರುಗಿದವಳಲ್ಲ. ಅವಳಿಗೆ ಗೊತ್ತಿರುವ ಊರುಗಳು ಮುಗಿಯುತ್ತ ಬಂದಿವೆ.