ನಿಂತ ಕೈ

ಕರ್ನ್ ನದಿಯಿಂದ ಮೇಲೆ ಬಂದ ಮದುಮಗಳು ನೇರವಾಗಿ ಕ್ಯಾಮೆರಾದ ಮುಂದೆ ನಿಂತು, ಹೊಂಬಣ್ಣದ ವಿಗ್ಗು ಕಿತ್ತು ಹಿಂಡಿದಳು. ಒಳಗಿದ್ದದ್ದು ಗಂಡಸಿನ ತಲೆ. ನಾಯಕಿಯ ಬದಲು ಸೇತುವೆಯಿಂದ ಹಾರುವ ವೆಸ್ ಕಾರ್ಬಿನ್.

"ಹಿಡಿ ತಿರುಗಿಸೋದು ಮಧ್ಯದಲ್ಲೇ ನಿಲ್ಲಿಸಿದ್ರಂತೆ?"

"ಹೌದು," ಎಂದಳು ಇಡಾ. ಹಿಡಿ ತಿರುಗಿಸಿದರಷ್ಟೇ ಓಡುವ ಆ ಮೂಕಿಚಿತ್ರದ ಕ್ಯಾಮೆರಾವನ್ನು ಅಪ್ಪನಿಂದ ಕಲಿತವಳು. ಈ ಕಂಪನಿಯಲ್ಲಿ ಅವಳಿಗೆ ಅದು ಮೊದಲ ದಿನ.

"ಯಾಕೆ?"

ನೀವು ಮುಳುಗಿದವರು ಏಳಲಿಲ್ಲ... ಕೈ ನನ್ನ ಮಾತು ಕೇಳಲಿಲ್ಲ... ಅದನ್ನು ಹೇಳುವುದು ಹೇಗೆ? ಅವಳು ಕ್ಯಾಮೆರಾಗೆ ಹೊಸ ಫಿಲಂ ತುಂಬತೊಡಗಿದಳು.

"ಮದುಮಗಳಿಗೆ ಸಿಟ್ಟು ಬಂತು, ಓಡಿ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ವೆಸ್ ನಗಲಿಲ್ಲ. ಒದ್ದೆ ವಿಗ್ಗನ್ನು ಮತ್ತೆ ತಲೆಗೇರಿಸಿ ಸೇತುವೆ ಹತ್ತಿದ. ಎರಡನೆಯ ಸಲ ನೀರಿನಿಂದ ಬಂದಾಗ ಅವನ ಎಡಭುಜ ಜೋತುಬಿದ್ದಿತ್ತು.

"ಇನ್ಮೇಲೆ ನನ್ನ ಹಾರಾಟಕ್ಕೆ ಕ್ಯಾಮೆರಾ ಹಿಂದೆ ಬೇರೆಯವರನ್ನ ನಿಲ್ಲಿಸಿ," ಎಂದು ಅವನು ನಿರ್ದೇಶಕ ಹಾಲೊರನ್‌ಗೆ ಹೇಳಿದ್ದು ಅವಳ ಕಿವಿಗೂ ಬಿತ್ತು.

ಹೆಣ್ಣಿನ ಕೈ ಅಂತ ತಾನೇ? ಆ ಚಳಿಗಾಲವಿಡೀ ಇಡಾ ಹೂಕುಂಡ, ಕುದುರೆ, ಮುಚ್ಚಿದ ಬಾಗಿಲುಗಳ ಚಿತ್ರ ತೆಗೆದಳು.

ವಸಂತದಲ್ಲಿ, ವೆಸ್ ಕೇಳಿಕೊಂಡನೆಂದು, ಹಾಲೊರನ್ ಅವಳನ್ನು ಮತ್ತೆ ಅದೇ ಸೇತುವೆಗೆ ಕರೆಸಿದ. ವೆಸ್‌ಗೆ ಈ ಸಲ ವಿಗ್ಗಿಲ್ಲ. ಅವನದೇ ಹೆಸರು, ಅವನದೇ ಮುಖ, ಮೊದಲ ಪಾತ್ರ.

"ನನ್ನನ್ನ ಯಾಕೆ ಕರೆಸಿದ್ರಿ? ನನ್ನ ಕೈ ಆಗಲ್ಲ ಅಂದಿದ್ರಲ್ಲ," ಎಂದು ವೆಸ್‌ನನ್ನು ಕೇಳಿದಳು.

"ಅಂದಿದ್ದೆ. ಆಮೇಲೆ ಬಂದವನು ಚುಟ್ಟಾ ಕಚ್ಕೊಂಡು ತಿರುಗಿಸ್ತಿದ್ದ. ನಾನು ಬಂಡೆಗೆ ತಲೆ ಬಡ್ಕೊಂಡು ತೇಲ್ತಿದ್ರೂ ತಿರುಗಿಸ್ತಾನೇ ಇದ್ದ. ಅವನ ತಪ್ಪೇನಿಲ್ಲ, ಕೆಲಸ ಅದೇ. ಆದ್ರೆ..." ಅವನು ನದಿಯತ್ತ ನೋಡಿದ. "ನಾನು ಏಳದಿದ್ರೆ ಒಂದು ಕೈಯಾದ್ರೂ ನಿಲ್ಲತ್ತಲ್ಲ, ಆ ಕೈ ಇಲ್ಲಿರ್ಲಿ ಅನ್ನಿಸ್ತು."

ಇಡಾ ಹಿಡಿಯ ಮೇಲೆ ಕೈಯಿಟ್ಟಳು. "ಹಾಗಾದ್ರೆ ಇವತ್ತೂ ನಿಲ್ಲಿಸ್ಲಾ?"

"ಬೇಡ ಮಾರಾಯ್ತಿ, ಮತ್ತೆ ಹಾರ್ಬೇಕಾಗತ್ತೆ."

ಅವನು ಹಾರಿದ.

ಅಪ್ಪ ಕಲಿಸಿದ ಹಾಡನ್ನು ಗುನುಗುತ್ತ, ಅದರ ಲಯಕ್ಕೆ ಇಡಾ ಹಿಡಿ ತಿರುಗಿಸಿದಳು. ನೀರು ಅವನನ್ನು ನುಂಗಿ ಮುಚ್ಚಿಕೊಂಡಿತು. ನೊರೆ ಕರಗಿತು. ಅವನಿಲ್ಲ. ಹಾಡು ತುಟಿಯಲ್ಲೇ ಬತ್ತಿತು, ಕಣ್ಣು ಮಂಜಾಯಿತು... ಕೈ ಮಾತ್ರ ತಿರುಗುತ್ತಲೇ ಇತ್ತು. ನಿಂತರೆ ಅವನು ಮತ್ತೆ ಹಾರಬೇಕು.

ಕೆಳಗೆ, ಬಂಡೆಯ ಮಗ್ಗುಲಲ್ಲಿ, ಒಂದು ತಲೆ ಮೇಲೆದ್ದಿತು.

"ಸಾಕು, ನಿಲ್ಸಮ್ಮಾ!" ಎಂದ ಹಾಲೊರನ್.

ಅವಳು ನಿಲ್ಲಿಸಲಿಲ್ಲ. ದಡ ಹತ್ತಿ, ನೀರು ಸುರಿಸುತ್ತ ಅವನು ನಡೆದು ಬಂದ. ಮಸೂರದ ತುಂಬ ಅವನ ಮುಖವೇ ಆಯಿತು. ಆಮೇಲೆ ಅದೂ ಸರಿದು, ತಣ್ಣನೆಯ ಅಂಗೈಯೊಂದು ಹಿಡಿಯ ಮೇಲಿದ್ದ ಅವಳ ಕೈಯನ್ನು ಮುಚ್ಚಿತು.

"ಇಡಾ... ಬಂದೆನಲ್ಲ. ಈಗ ನಿಲ್ಲಿಸು."

"ಇನ್ನೂ ಫಿಲಂ ಇದೆ."

"ಇರ್ಲಿ ಬಿಡು," ಎಂದು ಅವನು ಕೈ ತೆಗೆಯದೆ ನಕ್ಕ. "ಮದುವೆ ದಿನಕ್ಕೆ ಬೇಕಾಗತ್ತೆ."

"ಮದುಮಗಳು ಯಾರು? ನೀನೋ, ನಾನೋ?"