ಚೌಕಟ್ಟಿನೊಳಗೆ ಬೆಳೆದ ಹುಡುಗ

ಏಪ್ರಿಲ್ 22, 2025, ಮಂಗಳವಾರ. ಬೆಳಗ್ಗೆ 10.40ಕ್ಕೆ ದಕ್ಷಿಣ ದೆಹಲಿಯ ಠಾಣೆಗೆ ಬಂದ ಚಂದ್ರಪ್ರಭಾ ಅವರ ದೂರು ಕೇಳಿ ಕಾನ್‌ಸ್ಟೆಬಲ್ ರಜತ್ ನಗು ತಡೆಯಲಾರದೆ ಪೆನ್ನು ಕೆಳಗಿಟ್ಟ. ಆಕೆ ಒಂದು ಖಾಸಗಿ ಚಿತ್ರಸಂಗ್ರಹಾಲಯದ ಮೇಲ್ವಿಚಾರಕಿ. ಅಲ್ಲಿ 1786ರ ಇಂಗ್ಲಿಷ್ ತೈಲಚಿತ್ರವೊಂದಿದೆ: ಕುರ್ಚಿಯಲ್ಲಿ ಕುಳಿತ ಅಪ್ಪ, ಅವನ ಮೊಣಕಾಲಿಗೆ ಒರಗಿ ನಿಂತ ಏಳು ವರ್ಷದ ಮಗ.

"ಹುಡುಗನಿಗೆ ಮೀಸೆ ಚಿಗುರಿದೆ ಸರ್," ಎಂದರು ಆಕೆ.

ಇನ್‌ಸ್ಪೆಕ್ಟರ್ ಸೂರ್ಯನಾರಾಯಣ ನಗಲಿಲ್ಲ. ದೆಹಲಿಯ ಜನಕಪುರಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗ. ಇಪ್ಪತ್ತು ವರ್ಷದ ನೌಕರಿಯಲ್ಲಿ ಎಂತೆಂಥ ದೂರನ್ನೋ ಕೇಳಿದವರು.

"ಅಸಲಿ ಕದ್ದು ನಕಲಿ ತೂಗುಹಾಕಿದ್ದಾರೆ. ಆ ಅಸಲಿ ಹುಡುಗ ಉಳಿದಿದ್ದಾನೋ ಇಲ್ಲವೋ, ಅದಷ್ಟೇ ಗೊತ್ತಾಗಬೇಕು ನನಗೆ," ಎಂದರು ಚಂದ್ರಪ್ರಭಾ. ಕಳವಿನ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.15. ಸ್ಥಳ ಪಂಚನಾಮೆ. ಚಿತ್ರದ 2018ರ ಫೋಟೋದಲ್ಲಿ ದುಂಡು ಕೆನ್ನೆಯ ಮಗು. ಗೋಡೆಯ ಮೇಲೆ ಅದೇ ನೀಲಿ ಕೋಟು ತೊಟ್ಟ, ದವಡೆ ಬಲಿತ ಹುಡುಗ.

ಕಾವಲುಗಾರ ಹಿಂದಿಯಲ್ಲಿ ಹೇಳಿದ: "ಪ್ರತಿ ಏಪ್ರಿಲ್‌ಗೂ ಒಂದಿಷ್ಟು ಬೆಳೀತಾನೆ ಸಾಬ್."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?"

"ಮಕ್ಕಳು ಬೆಳೀತಾರಲ್ಲ ಸಾಬ್."

ಪರದೆ ಎಳೆದು, ಪ್ರಯೋಗಾಲಯದವರು ಅತಿನೇರಳೆ ದೀಪ ಹಿಡಿದರು. ಹಳೆಯ ವಾರ್ನಿಶ್ ಅದರಡಿ ಹಸಿರಾಗಿ ಹೊಳೆಯುತ್ತದೆ, ಹೊಸ ಬಣ್ಣ ಕಪ್ಪಾಗಿ ಕಾಣುತ್ತದೆ. ಚಿತ್ರದ ಬಹುಭಾಗ ಹಸಿರಾಯಿತು. ಚಿತ್ರವೇನೋ ಅಸಲಿಯೇ. ಆದರೆ ಹೊಳೆಯುವ ಅಪ್ಪನ ಪಕ್ಕದಲ್ಲಿ ಹುಡುಗನ ಮುಖವಿರಬೇಕಾದಲ್ಲಿ ಬರೀ ಕಪ್ಪು. ಬೆಳಗ್ಗೆ ನಕ್ಕಿದ್ದ ರಜತ್ "ಹೇ ರಾಮ್" ಎಂದು ಬಾಗಿಲ ಬಳಿ ಹೋಗಿ ನಿಂತ.

"ಇದನ್ನು ಮುಟ್ಟುವವರು ಯಾರು?"

"ದತ್ತಾತ್ರೇಯ ಒಬ್ಬರೇ. ಚಿತ್ರಗಳ ದುರಸ್ತಿ ಅವರದು," ಎಂದರು ಚಂದ್ರಪ್ರಭಾ.

ದುರಸ್ತಿ ರಿಜಿಸ್ಟರ್ ತರಿಸಿದರು. "16-4-2019. ಬಾಲಕನಿಗೆ ಎಂಟು ತುಂಬಿತು. ಮುಖಕ್ಕೆ ಒಂದು ಪದರ, ತೆಗೆಯಲು ಬರುವ ಬಣ್ಣ." ಹೀಗೇ ವರ್ಷಕ್ಕೊಂದು, ಒಟ್ಟು ಏಳು. ಕೊನೆಯದು ಆರು ದಿನದ ಹಿಂದಿನದು: ಹದಿನಾಲ್ಕು ತುಂಬಿತು. ಪ್ರತಿಯೊಂದರ ಕೆಳಗೂ 'ಪರಿಶೀಲಿಸಿದೆ' ಎಂಬ ಮೊಹರು, ಚಂದ್ರಪ್ರಭಾ ಅವರದೇ ರುಜು.

"ಓದಲಿಲ್ವಾ ಮೇಡಂ?"

ಆಕೆಯ ಮುಖ ಸಪ್ಪಗಾಯಿತು. "ಏಪ್ರಿಲ್‌ನಲ್ಲಿ ಇನ್ನೂರು ಕಡತ ಬರ್ತಾವೆ ಸರ್. ತೋರಿಸಿದ ಕಡೆ ರುಜು ಹಾಕ್ತೀವಿ." ದೆಹಲಿಯ ಯಾವ ಕಚೇರಿ ತಾನೇ ಇದಕ್ಕೆ ಹೊರತು!

ಸಂಜೆ 4.30. ಜನಕಪುರಿಯ ಮೂರನೇ ಮಹಡಿ. ದತ್ತಾತ್ರೇಯ ಬಾಗಿಲು ತೆರೆದು, "ಬನ್ನಿ, ಯಾರಾದ್ರೂ ಇನ್ನೂ ಬೇಗ ಬರ್ತಾರೆ ಅಂದ್ಕೊಂಡಿದ್ದೆ," ಎಂದರು.

"ಎಲ್ಲ ಬರೆದಿಟ್ಟಿದ್ದೀರಿ. ಯಾಕೆ?"

"ಮಾಡಿದ್ದನ್ನ ಬರೀಬೇಕು ಸರ್. ನಮ್ಮ ಕೆಲಸದ ನಿಯಮ."

"ಯಾರ ಮುಖ ಅದು?"

"ಸಾತ್ವಿಕ್. ನನ್ನ ಮಗ. 2018ರಲ್ಲಿ ಡೆಂಗಿಯಲ್ಲಿ ಹೋದ. ಏಳು ವರ್ಷ."

"ಆ ಚಿತ್ರವೇ ಬೇಕಿತ್ತಾ?"

"ಆ ಕಾಲದಲ್ಲಿ ಇಂಗ್ಲೆಂಡಿನವರು ತೀರಿಹೋದ ಮಕ್ಕಳನ್ನೂ ಬದುಕಿರೋ ಹಾಗೆ ಅಪ್ಪನ ಪಕ್ಕ ನಿಲ್ಲಿಸಿ ಬರೆಸ್ತಿದ್ರು. ಈ ಹುಡುಗ ಚಿತ್ರ ಬರೆಯೋ ಹೊತ್ತಿಗೆ ಇರಲೇ ಇಲ್ಲ, ಹಳೇ ಕಾಗದದಲ್ಲಿ ಇದೆ. ಅಚ್ಛಾ, ಜಾಗ ಖಾಲಿ ಇದೆ ಅನ್ನಿಸ್ತು."

5.10ಕ್ಕೆ ದಸ್ತಗಿರಿ. ಕಳವಿನ ಬದಲು ಚಿತ್ರ ತಿದ್ದಿದ ಆರೋಪ. ದತ್ತಾತ್ರೇಯ ಕೇಳಿದ್ದು ಒಂದೇ: ಬಣ್ಣವನ್ನು ಬೇರೆಯವರು ತೆಗೆಯಬಾರದು.

ಏಪ್ರಿಲ್ 24, ಬೆಳಗ್ಗೆ 11. ನ್ಯಾಯಾಲಯದ ಅನುಮತಿ ಪಡೆದು, ಪಂಚರ ಎದುರು, ದತ್ತಾತ್ರೇಯ ದ್ರಾವಣದಲ್ಲಿ ಹತ್ತಿ ಅದ್ದಿದರು. ಮೀಸೆ ಹೋಯಿತು. ಹದಿಮೂರು, ಹನ್ನೆರಡು, ಹನ್ನೊಂದು. ಎಲ್ಲರೂ ನೋಡುತ್ತಿದ್ದಂತೆ ಹುಡುಗ ಹಿಂದಕ್ಕೆ ಚಿಕ್ಕವನಾಗುತ್ತ ಬಂದ. ಕೆನ್ನೆ ತುಂಬಿಕೊಂಡಿತು. ಸೂರ್ಯನಾರಾಯಣರಿಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ.

ಎಂಟಕ್ಕೆ ಕೈ ನಿಂತಿತು.

"ಇದರ ಕೆಳಗೆ ಸಾತ್ವಿಕ್ ಇಲ್ಲ ಸರ್," ಎಂದರು ದತ್ತಾತ್ರೇಯ.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದರು. ಐದು ನಿಮಿಷ ಬಿಟ್ಟುಕೊಟ್ಟರು, ಪಂಚನಾಮೆಯಲ್ಲಿ ಆ ಐದು ನಿಮಿಷವನ್ನು ಬರೆಸಲಿಲ್ಲ. ಉದ್ದೇಶ ಎಂಬ ಕಡೆ ಮಾತ್ರ ಸ್ವಂತ ಕೈಯಿಂದ ಬರೆದರು: ಮಗ ದೊಡ್ಡವನಾಗುವುದನ್ನು ನೋಡುವುದು.

11.50ಕ್ಕೆ ದತ್ತಾತ್ರೇಯ ಹೊಸ ಹತ್ತಿ ತೆಗೆದುಕೊಂಡು ಮಗನ ಮುಖ ಒರೆಸಿದರು.